ಮುಂಗಡದ ಹಗ್ಗ: ಆಧುನಿಕ ಗುಲಾಮಗಿರಿ ಮತ್ತು ಮಾನವ ಕಳ್ಳಸಾಗಣೆಯ ಅಧ್ಯಯನದ ಬಗ್ಗೆ



ಪ್ರತಿ ವರ್ಷ ವರದಿಯ ಈ ಪುಟಗಳಲ್ಲಿ ಯಾವುದಾದರೊಂದು ಓದಿನ ದಾರಿಯನ್ನು ಪರಿಚಯಿಸುವುದು ನಮ್ಮ ಸಮಿತಿಯ ರೂಢಿ. ನರ್ಸಿಂಗ್, ಕಾನೂನು, ಐಟಿಐ, ಸಿ.ಎ. ಬಗ್ಗೆ ಹಿಂದೆ ಬರೆದಿದ್ದೇವೆ. ಈ ಸಲದ ವಿಷಯ ಹೆಚ್ಚಿನವರು ಕೇಳಿರದಂಥದ್ದು. ಒಂದು ಅರ್ಜಿಯಿಂದಾಗಿ ನಾವೇ ಅದನ್ನು ಕೂತು ಕಲಿಯಬೇಕಾಯಿತು.

ಒಂದು ಅರ್ಜಿ, ಎರಡು ಸಭೆ

ಬಿ.ಎ. ಮುಗಿಸಿದ ಒಬ್ಬ ಹುಡುಗಿ ಎಂ.ಎಸ್.ಡಬ್ಲ್ಯೂ. ಓದಲು ನೆರವು ಕೇಳಿದ್ದಳು. 'ಮುಂದಿನ ಗುರಿ' ಎಂಬ ಕಾಲಂನಲ್ಲಿ 'ಆಧುನಿಕ ಗುಲಾಮಗಿರಿ ಮತ್ತು ಮಾನವ ಕಳ್ಳಸಾಗಣೆಯ ಬಗ್ಗೆ ಉನ್ನತ ಅಧ್ಯಯನ' ಎಂದು ಬರೆದಿದ್ದಳು. ನಮ್ಮ ಸಮಿತಿಯಲ್ಲಿ ಹೆಚ್ಚಿನವರು ನಿವೃತ್ತ ಶಿಕ್ಷಕರು. ಮೊದಲ ಸಭೆಯಲ್ಲಿ ಅರ್ಜಿಯನ್ನು ಬದಿಗಿಟ್ಟೆವು. ಗುಲಾಮಗಿರಿ ಇತಿಹಾಸದ ಪಾಠವಲ್ಲವೇ, ಇದರಿಂದ ಯಾವ ಕೆಲಸ ಸಿಗುತ್ತದೆ ಎಂದು ನಮ್ಮಲ್ಲೇ ಪ್ರಶ್ನೆ ಬಂತು. ಸಂದರ್ಶನದ ದಿನ ಮಗಳ ಜೊತೆ ಬಂದಿದ್ದ ತಾಯಿಯೂ ಅದನ್ನೇ ಬೇರೆ ರೀತಿ ಕೇಳಿದರು: "ಸರ್, ಹೆಣ್ಣುಮಗಳು ಇಂಥದ್ದನ್ನೆಲ್ಲ ಓದಬಹುದಾ? ನಾಳೆ ಹುಡುಗನ ಕಡೆಯವರು ಕೇಳಿದರೆ ನಾನು ಏನಂತ ಹೇಳಲಿ?"

ಹುಡುಗಿ ತಲೆ ತಗ್ಗಿಸಿಯೇ ಉತ್ತರ ಕೊಟ್ಟಳು. ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಮನೆಯವರು ಮೇಸ್ತ್ರಿಯೊಬ್ಬನಿಂದ ಮುಂಗಡ ತೆಗೆದುಕೊಂಡು ಇಟ್ಟಿಗೆ ಭಟ್ಟಿಗೆ ಹೋಗಿದ್ದರಂತೆ. ಒಂದು ಸೀಸನ್‌ನಲ್ಲಿ ಸಾಲ ತೀರುತ್ತದೆ ಎಂದಿದ್ದ ಮೇಸ್ತ್ರಿ, ಸೀಸನ್ ಮುಗಿದಾಗ ಲೆಕ್ಕದಲ್ಲಿ ಇನ್ನೂ ಬಾಕಿ ತೋರಿಸಿದ. ಅಜ್ಜಿ ತೀರಿಕೊಂಡಾಗ ಊರಿಗೆ ಹೋಗಲು ತಂದೆಯೊಬ್ಬರನ್ನೇ ಬಿಟ್ಟರು, ತಾಯಿ ಮಕ್ಕಳನ್ನು ಭಟ್ಟಿಯಲ್ಲೇ ಇಟ್ಟುಕೊಂಡರು. "ಅದಕ್ಕೆ ಏನಂತ ಹೆಸರು ಅಂತ ನಮಗೆ ಗೊತ್ತಿರಲಿಲ್ಲ ಸರ್. ಬಿ.ಎ. ಎರಡನೇ ವರ್ಷದಲ್ಲಿ ಓದಿದಾಗ ಗೊತ್ತಾಯಿತು" ಎಂದಳು.

ಆಮೇಲೆ ನಮ್ಮಲ್ಲಿ ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ದೀಪಾವಳಿ ರಜೆಯ ನಂತರ ಕೆಲವು ಮಕ್ಕಳು ಶಾಲೆಗೆ ಮರಳದಿದ್ದದ್ದನ್ನು ನಾವೆಲ್ಲರೂ ಕಂಡವರು. ಹಾಜರಿ ಪುಸ್ತಕದಲ್ಲಿ 'ದೀರ್ಘ ಗೈರು' ಎಂದು ಬರೆದೆವು. ಮನೆಗೆ ಹೋಗಿ ವಿಚಾರಿಸಿದ್ದೂ ಉಂಟು. "ಮುಂಗಡ ತೆಗೆದುಕೊಂಡು ಹೋಗಿದ್ದಾರೆ" ಎಂದು ನೆರೆಯವರು ಹೇಳಿದರೆ ವಲಸೆ ಎಂದು ಷರಾ ಹಾಕಿ ಬಂದೆವು. ಮುಂಗಡ ಎಷ್ಟು, ಕೊಟ್ಟವರು ಯಾರು, ಬೇಡವೆನಿಸಿದರೆ ಇವರು ಎದ್ದು ಬರಬಹುದೇ ಎಂದು ಒಮ್ಮೆಯೂ ಕೇಳಲಿಲ್ಲ. ಬಿ.ಎಡ್. ಮಾಡಿದ್ದ ನಮಗೂ ಅದು ಕೇಳಬೇಕಾದ ಪ್ರಶ್ನೆ ಎಂದು ತಿಳಿದಿರಲಿಲ್ಲ. ಈ ಅಧ್ಯಯನ ಕಲಿಸುವುದು ಆ ಪ್ರಶ್ನೆಯನ್ನೇ.

ಹೆಸರು ಹೊಸದು, ಸಂಗತಿ ಹಳೆಯದು

'ಆಧುನಿಕ ಗುಲಾಮಗಿರಿ' ಎಂಬುದು ಹಲವು ಬಗೆಯ ಶೋಷಣೆಗೆ ಇಟ್ಟ ಒಟ್ಟು ಹೆಸರು. ಬಲವಂತದ ದುಡಿಮೆ, ಸಾಲಕ್ಕೆ ಕಟ್ಟುಬಿದ್ದ ಜೀತ, ಮಾನವ ಕಳ್ಳಸಾಗಣೆ, ಒಪ್ಪಿಗೆಯಿಲ್ಲದ ಮದುವೆ ಇವೆಲ್ಲ ಅದರಲ್ಲಿ ಸೇರುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಸಹಯೋಗಿ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರ ಯಾವುದೇ ಒಂದು ದಿನ ಜಗತ್ತಿನಲ್ಲಿ ಸುಮಾರು 4.96 ಕೋಟಿ ಜನ ಇಂಥ ಸ್ಥಿತಿಯಲ್ಲಿದ್ದರು. ಅವರಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿ, 2.2 ಕೋಟಿ ಜನ ಬಲವಂತದ ಮದುವೆಯಲ್ಲಿ.

ಕಳ್ಳಸಾಗಣೆ ಎಂದರೆ ರಾತ್ರೋರಾತ್ರಿ ಗಡಿ ದಾಟಿಸುವುದು ಎಂದು ನಾವು ತಿಳಿದಿದ್ದೆವು. ಗಡಿ ದಾಟಬೇಕೆಂದೇನೂ ಇಲ್ಲ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ, ಭಾರತ 2011ರಲ್ಲಿ ಅನುಮೋದಿಸಿದ ಪಲೆರ್ಮೊ ಒಡಂಬಡಿಕೆ ಇದನ್ನು ಮೂರು ಭಾಗವಾಗಿ ಹೇಳುತ್ತದೆ. ಮೊದಲನೆಯದು ಕೃತ್ಯ: ಜನರನ್ನು ಕೆಲಸಕ್ಕೆಂದು ಸೇರಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು. ಎರಡನೆಯದು ವಿಧಾನ: ಬಲಪ್ರಯೋಗ, ಮೋಸ, ಬಡತನದ ದುರುಪಯೋಗ. ಮೂರನೆಯದು ಉದ್ದೇಶ: ಶೋಷಣೆ. ಮೂರೂ ಕೂಡಿದರೆ ಅದು ಕಳ್ಳಸಾಗಣೆ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಎರಡನೆಯದನ್ನು ತೋರಿಸಬೇಕಾಗಿಯೂ ಇಲ್ಲ. ಮೋಸದಿಂದ ಕರೆದೊಯ್ದಿದ್ದರೆ, 'ಅವಳೇ ಒಪ್ಪಿ ಬಂದಳು' ಎಂಬ ಮಾತಿಗೆ ಬೆಲೆಯಿಲ್ಲ. ನಮ್ಮ ದೇಶದಲ್ಲಿ ಈ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್‌ನಡಿ ಬರುತ್ತದೆ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ಆರಂಭದಿಂದಲೇ ನಿಷೇಧಿಸಿದೆ.

ತರಗತಿಯಲ್ಲಿ ಏನು ಕಲಿಸುತ್ತಾರೆ

ಇದಕ್ಕೆಂದೇ ಮೀಸಲಾದ ಸಂಶೋಧನಾ ಕೇಂದ್ರಗಳು ಹೆಚ್ಚಾಗಿ ಬೆಳೆದದ್ದು ಬ್ರಿಟನ್, ಅಮೆರಿಕಗಳಲ್ಲಿ. ಬ್ರಿಟನ್ನಿನ ಗುಲಾಮರ ವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ 1759ರಲ್ಲಿ ಹುಟ್ಟಿದ್ದು ಹಲ್ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಅಧ್ಯಯನ ಸಂಸ್ಥೆಯೇ ಇದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ 'ರೈಟ್ಸ್ ಲ್ಯಾಬ್', ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗಿಲ್ಡರ್ ಲೆರ್ಮನ್ ಕೇಂದ್ರ ಕೂಡ ಹೆಸರಾದವು. ಪಠ್ಯಗಳು ಬೇರೆಬೇರೆಯಾದರೂ ಓದುವ ಸಂಗತಿಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಇತಿಹಾಸ. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಿ, 1833ರಲ್ಲಿ ತನ್ನ ಹೆಚ್ಚಿನ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಗಾಣಿಸುವ ಕಾನೂನು ಮಾಡಿತು. ಮರುವರ್ಷವೇ, 1834ರಿಂದ, ಭಾರತದ ಕೂಲಿಗಳನ್ನು ಕರಾರಿನ ಮೇಲೆ ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಹಡಗು ಹತ್ತಿಸಲಾಯಿತು. 'ಅಗ್ರಿಮೆಂಟ್' ಎಂಬ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಸರಪಳಿ ಹೋಗಿ ಕಾಗದ ಬಂತು. ಭಾರತದೊಳಗೂ 1843ರ ಐದನೇ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿತು, ಆದರೂ ಸಾಲದ ಹೆಸರಿನ ಜೀತ ಉಳಿಯಿತು. ನಮ್ಮ ನಾಡಿನವರಿಗೆ ಈ ಪಾಠ ದೂರದ್ದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಗಳ ಪೂರ್ವಜರಲ್ಲಿ ಹಲವರು ಆಫ್ರಿಕದಿಂದ ಗುಲಾಮರಾಗಿ ಬಂದವರು. ಅವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಹಿಂದೂಗಳೂ ಇದ್ದಾರೆ. ಇಥಿಯೋಪಿಯದಲ್ಲಿ ಹುಟ್ಟಿ, ಹಲವು ಕೈಗಳಿಗೆ ಮಾರಾಟವಾಗಿ ದಖ್ಖನಿಗೆ ಬಂದು, ಅಹ್ಮದ್‌ನಗರದ ಆಡಳಿತ ನಡೆಸಿದ ಮಲಿಕ್ ಅಂಬರ್ ತೀರಿಕೊಂಡದ್ದು 1626ರಲ್ಲಿ. ಮಾರಿದವರಲ್ಲಿ ಪೋರ್ಚುಗೀಸರೂ ಇದ್ದರು, ಅರಬ್ ವ್ಯಾಪಾರಿಗಳೂ ಇದ್ದರು. ನಮಗೆ ಇರಿಸುಮುರಿಸಾಗುವ ಸತ್ಯವನ್ನೂ ಓದಬೇಕೆಂಬುದು ಈ ವಿಷಯದ ಮೊದಲ ಶಿಸ್ತು.

ಎರಡನೆಯದು ಕಾನೂನು ಮತ್ತು ಅರ್ಥಶಾಸ್ತ್ರ. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1960ರ ದಶಕದಿಂದ ದಕ್ಷಿಣ ಗುಜರಾತಿನ ಹಳ್ಳಿಗಳಲ್ಲಿ ಇದ್ದು ಕೂಲಿಗಳ ಬದುಕನ್ನು ಅಧ್ಯಯನ ಮಾಡಿದರು. ಹಿಂದೆ ಜೀತದಾಳು ತಲೆಮಾರುಗಟ್ಟಲೆ ಒಂದೇ ಒಡೆಯನಿಗೆ ಕಟ್ಟುಬಿದ್ದಿರುತ್ತಿದ್ದ. ಈಗ ಒಂದು ಸೀಸನ್ ಮಟ್ಟಿಗೆ, ಮುಂಗಡದ ಮೂಲಕ, ಮಧ್ಯವರ್ತಿಯ ಕೈಯಿಂದ ಕಟ್ಟಿಹಾಕುತ್ತಾರೆ. ಬ್ರೆಮನ್ ಇದನ್ನು ಹೊಸ ಬಗೆಯ ಜೀತ ಎಂದು ವಿವರಿಸಿದರು. ನಮ್ಮ ಅರ್ಜಿದಾರಳ ಮನೆಯ ಕಥೆ ಇದೇ. ಎಲ್ಲ ಶೋಷಣೆಯನ್ನೂ 'ಗುಲಾಮಗಿರಿ' ಎಂದು ಕರೆಯುವುದು ಸರಿಯೇ, ಹಾಗೆ ಕರೆದರೆ ಸಾಮಾನ್ಯ ಕೂಲಿಯ ಅನ್ಯಾಯ ಮರೆಯಾಗುವುದಿಲ್ಲವೇ ಎಂದು ವಿದ್ವಾಂಸರಲ್ಲೇ ವಾದವಿದೆ. ವಿದ್ಯಾರ್ಥಿಗಳು ಎರಡೂ ಕಡೆಯ ವಾದವನ್ನು ಓದುತ್ತಾರೆ.

ಮೂರನೆಯದು ವಿಚಾರಣೆಯ ವಿಧಾನ. ಬಲವಂತದ ದುಡಿಮೆಯನ್ನು ಗುರುತಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 11 ಸೂಚಕಗಳನ್ನು ಕೊಟ್ಟಿದೆ. ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಓಡಾಟಕ್ಕೆ ಅಡ್ಡಿ, ಸಾಲದ ಕಟ್ಟು, ಬೆದರಿಕೆ, ಮಿತಿಮೀರಿದ ದುಡಿಮೆಯ ಗಂಟೆಗಳು ಅವುಗಳಲ್ಲಿ ಕೆಲವು. ನೊಂದವರನ್ನು ಮತ್ತೆ ನೋಯಿಸದೆ, ಹೆಸರು ಬಯಲು ಮಾಡದೆ ಹೇಗೆ ಮಾತನಾಡಿಸಬೇಕು ಎಂಬುದಕ್ಕೂ ತರಬೇತಿ ಇರುತ್ತದೆ. ರೈಟ್ಸ್ ಲ್ಯಾಬ್‌ನವರು ಉಪಗ್ರಹ ಚಿತ್ರಗಳನ್ನು ನೋಡಿ ಇಟ್ಟಿಗೆ ಭಟ್ಟಿಗಳನ್ನು ಎಣಿಸಿದರು. ಪಾಕಿಸ್ತಾನದಿಂದ ಉತ್ತರ ಭಾರತ, ನೇಪಾಳ, ಬಾಂಗ್ಲಾದೇಶದವರೆಗಿನ ಪಟ್ಟಿಯಲ್ಲಿ 55,387 ಭಟ್ಟಿಗಳಿವೆ ಎಂಬುದು 2018ರಲ್ಲಿ ಪ್ರಕಟವಾದ ಅವರ ಅಂದಾಜು. ಎಲ್ಲ ಭಟ್ಟಿಯಲ್ಲೂ ಜೀತವಿದೆ ಎಂದು ಇದರ ಅರ್ಥವಲ್ಲ. ಎಲ್ಲಿ ಹೋಗಿ ವಿಚಾರಿಸಬೇಕು ಎಂದು ತಿಳಿಯಲು ಮೊದಲು ಭಟ್ಟಿ ಎಲ್ಲಿದೆ ಎಂದು ಗೊತ್ತಿರಬೇಕಲ್ಲವೇ?

ಓದಿದವರ ಒಂದು ವರದಿ ಏನು ಮಾಡಬಲ್ಲದು

"ಓದಿದರೆ ಜೀತ ಹೋಗುತ್ತದೆಯೇ?" ಎಂದು ಒಬ್ಬ ದಾನಿ ನಮ್ಮನ್ನು ಕೇಳಿದರು. ಅವರಿಗೆ ನಾವು ಒಂದು ಮೊಕದ್ದಮೆಯ ಕಥೆ ಹೇಳಿದೆವು.

ದೆಹಲಿ ಪಕ್ಕದ ಫರೀದಾಬಾದ್‌ನ ಕಲ್ಲುಕ್ವಾರಿಗಳಲ್ಲಿ ಜೀತವಿದೆ ಎಂದು ಬಂಧುವಾ ಮುಕ್ತಿ ಮೋರ್ಚಾ ಸುಪ್ರೀಂ ಕೋರ್ಟಿಗೆ ಪತ್ರ ಬರೆಯಿತು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿತು. ವಕೀಲರನ್ನು ಕ್ವಾರಿಗಳಿಗೆ ಕಳುಹಿಸಿತು. ಆಮೇಲೆ ಐಐಟಿಯ ಡಾ. ಪಟವರ್ಧನ್ ಅವರಿಂದ ಸಾಮಾಜಿಕ ಮತ್ತು ಕಾನೂನು ತನಿಖೆ ಮಾಡಿಸಿತು. 1983ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಕೂಲಿಯವನನ್ನು ಬಲವಂತದಿಂದ ದುಡಿಸುತ್ತಿದ್ದಾರೆ ಎಂದು ಕಂಡುಬಂದರೆ, ಅದು ಮುಂಗಡಕ್ಕೆ ಪ್ರತಿಯಾಗಿ ನಡೆಯುತ್ತಿರುವ ಜೀತ ಎಂದೇ ಭಾವಿಸಬೇಕು, ಸಾಲದ ದಾಖಲೆ ತಾ ಎಂದು ಬಡವನನ್ನು ಕೇಳಬಾರದು ಎಂಬುದು ಅದರ ತಿರುಳು. ಅದಕ್ಕೂ ಹಿಂದೆ, 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಇದೇ ನ್ಯಾಯಾಲಯ ಹೇಳಿತ್ತು. ಕಲ್ಲು ಒಡೆಯುವವನಿಗೆ ಕೋರ್ಟಿನ ಬಾಗಿಲು ಗೊತ್ತಿರುವುದಿಲ್ಲ. ಸ್ಥಳಕ್ಕೆ ಹೋಗಿ, ಕೇಳಿ, ಅಳೆದು, ಸರಿಯಾಗಿ ಬರೆದು ತರುವ ಒಬ್ಬರು ಬೇಕು.

ಇಂದಿಗೂ ಹಾಗೆಯೇ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆ ಜೀತದ ಸಾಲವನ್ನು ಅಳಿಸಿಹಾಕಿದೆ. ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆ ಹೊರಿಸಿದೆ. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕೆಂದಿದೆ. ಅಧಿಕಾರಿಗಳು ಬಿಡುಗಡೆ ಪತ್ರ ಕೊಟ್ಟರೆ ಕುಟುಂಬಕ್ಕೆ ತಕ್ಷಣದ ಸಹಾಯಧನ ಸಿಗುತ್ತದೆ. ಆಮೇಲೆ, 2016ರ ಕೇಂದ್ರ ಯೋಜನೆಯಂತೆ ವಯಸ್ಕ ಪುರುಷನಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಪುನರ್ವಸತಿ ನೆರವು ಇದೆ. ಆ ಮೊತ್ತ ಜೀತ ಸಾಬೀತಾಗುವುದರ ಮೇಲೆ ನಿಂತಿದೆ. ಬಿಡುಗಡೆ ಪತ್ರವಿಲ್ಲದ ಕುಟುಂಬ ಕೇವಲ 'ವಲಸೆ' ಆಗಿ ಉಳಿಯುತ್ತದೆ, ನಮ್ಮ ಹಾಜರಿ ಪುಸ್ತಕದಲ್ಲಿ ಉಳಿದಂತೆ.

ವಿದೇಶದ ಕೆಲಸಕ್ಕೆ ಹೊರಟಿರುವ ಮನೆಗಳಿಗೆ

ನಮ್ಮ ವಿದ್ಯಾರ್ಥಿವೇತನದ ಕುಟುಂಬಗಳಲ್ಲಿ ಹಲವರ ಮನೆಯಿಂದ ಒಬ್ಬರಾದರೂ ಗಲ್ಫ್‌ನಲ್ಲಿದ್ದಾರೆ. ಹೆಚ್ಚಿನವರು ಗೌರವದಿಂದ ದುಡಿದು ಮನೆ ನಿಲ್ಲಿಸಿದ್ದಾರೆ. ಆದರೆ ಈ ಅಧ್ಯಯನ ಹೇಳುವ ಎಚ್ಚರಿಕೆಯ ಮಾತುಗಳು ನಮಗೂ ಬೇಕು.

1983ರ ಎಮಿಗ್ರೇಷನ್ ಕಾಯಿದೆಯಂತೆ ನೋಂದಾಯಿತ ಏಜೆಂಟರು ಮಾತ್ರ ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸಬಹುದು. ಅವರ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಇದೆಯೇ ಎಂದು ಮನೆಯ ಮಕ್ಕಳಿಂದಲೇ ನೋಡಿಸಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದು ಎಂದರೆ ಅಲ್ಲಿಗೇ ನಿಲ್ಲಿ. ಪಾಸ್‌ಪೋರ್ಟನ್ನು ಕೆಲಸ ಕೊಟ್ಟವರು ಇಟ್ಟುಕೊಳ್ಳುವುದು ಯುಎಇ, ಸೌದಿ ಅರೇಬಿಯ, ಕತಾರ್‌ಗಳ ಕಾನೂನಿನಲ್ಲೂ ತಪ್ಪು.

ಓದಿದ ಹುಡುಗರಿಗೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಕಂಪ್ಯೂಟರ್ ಕೆಲಸವೆಂದು ಥಾಯ್ಲೆಂಡಿಗೆ ಕರೆಸಿ, ಗಡಿ ದಾಟಿಸಿ, ಮ್ಯಾನ್ಮಾರ್‌ನ ಕಾವಲಿರುವ ಕಟ್ಟಡಗಳಲ್ಲಿ ಆನ್‌ಲೈನ್ ವಂಚನೆ ಮಾಡಿಸಲಾಗುತ್ತಿದ್ದ ಭಾರತೀಯರಲ್ಲಿ 500ಕ್ಕೂ ಹೆಚ್ಚು ಜನರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಮರಳಿ ತರಲಾಯಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಕಲಿತ ಯುವಕರೂ ಇದ್ದರು.

ಝಕಾತ್‌ನ ಒಂದು ಪಾಲು

ಝಕಾತ್ ಯಾರಿಗೆ ಸಲ್ಲಬೇಕು ಎಂದು ಕುರ್‌ಆನ್ ಎಣಿಸಿರುವ ಎಂಟು ವರ್ಗಗಳಲ್ಲಿ ದಾಸ್ಯದಲ್ಲಿರುವವರ ವಿಮೋಚನೆ ಒಂದು, ಸಾಲದಲ್ಲಿ ಮುಳುಗಿದವರ ನೆರವು ಇನ್ನೊಂದು. ಹಝ್ರತ್ ಬಿಲಾಲ್ (ರ) ಅವರನ್ನು ಹಝ್ರತ್ ಅಬೂಬಕರ್ (ರ) ಹಣ ಕೊಟ್ಟು ಬಿಡಿಸಿದ್ದನ್ನು ಮದ್ರಸದ ಮಕ್ಕಳೂ ಬಲ್ಲರು. ಮುಂಗಡಕ್ಕೆ ಕಟ್ಟುಬಿದ್ದ ಇಂದಿನ ಕುಟುಂಬದಲ್ಲಿ ದಾಸ್ಯವೂ ಸಾಲವೂ ಒಟ್ಟಿಗೇ ಇವೆ. ಈ ಹಣವನ್ನು ಹೇಗೆ ವಿನಿಯೋಗಿಸಬೇಕೆಂಬುದನ್ನು ನಾವು ಉಲಮಾಗಳನ್ನು ಕೇಳಿಯೇ ನಿರ್ಧರಿಸುತ್ತೇವೆ. ಝಕಾತ್ ಮತ್ತು ಸಾಮಾನ್ಯ ದಾನದ ಲೆಕ್ಕ ಎಂದಿನಂತೆ ಬೇರೆ ಬೇರೆ ಇರುತ್ತದೆ.

ಎಲ್ಲಿ ಓದಬಹುದು, ಮುಂದೆ ಏನು

ಇದನ್ನು ಓದಲು ಮೊದಲೇ ವಿದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮಲ್ಲಿ ಎಂ.ಎಸ್.ಡಬ್ಲ್ಯೂ., ಕಾನೂನು, ಸಮಾಜಶಾಸ್ತ್ರ, ಅಪರಾಧಶಾಸ್ತ್ರ ಇವೇ ಬಾಗಿಲುಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ವಿಭಾಗವಿದೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಮಾನವ ಕಳ್ಳಸಾಗಣೆ ತಡೆಯ ಬಗ್ಗೆ ಇಗ್ನೋ ಒಂದು ಸರ್ಟಿಫಿಕೇಟ್ ಕೋರ್ಸ್ ನಡೆಸಿದೆ. ಪಿಯುಸಿ ಆದವರು ಈ ಸಾಲಿಗೆ ಪ್ರವೇಶವಿದೆಯೇ ಎಂದು ವಿಚಾರಿಸಿ.

ಬ್ರಿಟನ್ನಿನಲ್ಲಿ ಎಂ.ಎ. ಸಾಮಾನ್ಯವಾಗಿ ಒಂದು ವರ್ಷದ್ದು, ಖರ್ಚು ಬಹಳ. ನಮ್ಮ ಟ್ರಸ್ಟ್ ಒಂದೇ ಅದನ್ನು ಹೊರಲಾರದು. ಅಲ್ಲಿನ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಆದ್ದರಿಂದ ಮೊದಲು ಇಲ್ಲಿ ಓದು, ಆಮೇಲೆ ಇಲ್ಲಿ ಕೆಲಸ, ಆಮೇಲೆ ಬೇಕಾದರೆ ವಿದೇಶ ಎಂಬುದು ನಮ್ಮ ಸಲಹೆ.

ಕೆಲಸದ ಮಾತನ್ನು ಮುಚ್ಚಿಡುವುದಿಲ್ಲ. ಆರಂಭದ ಸಂಬಳ ಕಡಿಮೆ, ಹಲವು ಹುದ್ದೆಗಳು ಗುತ್ತಿಗೆಯವು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಕಾರ್ಮಿಕ ಇಲಾಖೆ, ಕಾನೂನು ಸೇವಾ ಪ್ರಾಧಿಕಾರ, ಸ್ವಯಂಸೇವಾ ಸಂಸ್ಥೆಗಳಲ್ಲಿ ಅವಕಾಶವಿದೆ. ನೆಟ್ ಪರೀಕ್ಷೆ ಪಾಸಾದವರು ಅಧ್ಯಾಪಕರಾಗಬಹುದು. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯಿದೆಯಂತೆ, 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಾರ್ಷಿಕ ವಹಿವಾಟಿರುವ ಕಂಪನಿಗಳು ತಮ್ಮ ಸರಕು ತಯಾರಾಗುವ ಕಡೆ ಗುಲಾಮಗಿರಿ ತಡೆಯಲು ಏನು ಮಾಡಿದೆವು ಎಂದು ಪ್ರತಿ ವರ್ಷ ಹೇಳಬೇಕು. ಆದ್ದರಿಂದ ಬೆಂಗಳೂರಿನ ಗಾರ್ಮೆಂಟ್ಸ್‌ನಂಥ ರಫ್ತು ಉದ್ಯಮಗಳಲ್ಲಿ ತಪಾಸಣೆ ಬಲ್ಲವರಿಗೆ ಕೆಲಸವಿದೆ.

ನಮ್ಮ ತೀರ್ಮಾನ ಮತ್ತು ಪ್ರಕಟಣೆ

ಎರಡನೆಯ ಸಭೆಯಲ್ಲಿ ಆ ಹುಡುಗಿಯ ಎಂ.ಎಸ್.ಡಬ್ಲ್ಯೂ. ಓದಿನ ಎರಡೂ ವರ್ಷದ ಶುಲ್ಕವನ್ನು ಮಂಜೂರು ಮಾಡಿದೆವು. ತಾಯಿಗೆ ನಾವು ಹೇಳಿದ್ದು ಇಷ್ಟು: "ಅಮ್ಮಾ, ಹುಡುಗನ ಕಡೆಯವರು ಕೇಳಿದರೆ ಮಗಳು ಜನರನ್ನು ಬಿಡಿಸುವ ಕೆಲಸ ಓದುತ್ತಿದ್ದಾಳೆ ಎಂದು ಹೇಳಿ." ಅವರು ನಕ್ಕರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮಗಳ ಪ್ರವೇಶ ಶುಲ್ಕದ ರಸೀದಿಯನ್ನು ಮಾತ್ರ ಅವರೇ ತಂದು ಕೊಟ್ಟುಹೋದರು.

ಬರುವ ಸಾಲಿನಿಂದ ಸಮಾಜಕಾರ್ಯ, ಕಾನೂನು, ಅಪರಾಧಶಾಸ್ತ್ರ ಓದುವವರ ಅರ್ಜಿಗಳನ್ನೂ ವೃತ್ತಿ ಶಿಕ್ಷಣದ ಅರ್ಜಿಗಳ ಜೊತೆಗೇ ಪರಿಗಣಿಸುತ್ತೇವೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರವೇಶದ ದಾಖಲೆಗಳ ಜೊತೆ, ಈ ವಿಷಯವನ್ನು ಏಕೆ ಆರಿಸಿಕೊಂಡಿರಿ ಎಂದು ನಿಮ್ಮ ಕೈಬರಹದಲ್ಲಿ ಒಂದು ಪುಟ ಬರೆದು ತನ್ನಿ. ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ. ಮನೆಯ ಕಷ್ಟವನ್ನು ಬರೆಯಲೇಬೇಕೆಂದಿಲ್ಲ. ಬರೆದರೆ ಅದು ಸಮಿತಿಯೊಳಗೇ ಉಳಿಯುತ್ತದೆ. ಮೇಲೆ ಹೇಳಿದ ಹುಡುಗಿಯ ವಿಷಯವನ್ನು ಅವಳ ಮತ್ತು ತಾಯಿಯ ಅನುಮತಿ ಪಡೆದೇ, ಹೆಸರಿಲ್ಲದೆ ಬರೆದಿದ್ದೇವೆ.

ಅರ್ಜಿ ನಮೂನೆಯಲ್ಲೂ ಒಂದು ಬದಲಾವಣೆ ಮಾಡಿದ್ದೇವೆ. 'ಓದು ನಿಂತಿದ್ದರೆ ಕಾರಣ' ಎಂಬ ಕಾಲಂನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇವೆ: 'ಮನೆಯವರು ಯಾರಿಂದಲಾದರೂ ಮುಂಗಡ ಪಡೆದು ಕೆಲಸಕ್ಕೆ ಹೋಗಿದ್ದಾರೆಯೇ? ಬೇಕೆಂದಾಗ ಬಿಟ್ಟು ಬರಲು ಆಗುತ್ತದೆಯೇ?' ಹೌದು, ಆಗುವುದಿಲ್ಲ ಎಂದು ಬರೆದವರ ಮನೆಗೆ ನಾವೇ ಬರುತ್ತೇವೆ.

ನಿಮ್ಮ ಸುತ್ತ ಇಂಥ ಕುಟುಂಬ ಕಂಡರೆ ನಮಗೆ ತಿಳಿಸಿ. ಮಕ್ಕಳ ವಿಷಯವಾದರೆ 1098, ಉಚಿತ ಕಾನೂನು ನೆರವಿಗೆ 15100, ತುರ್ತಿಗೆ 112 ಇದೆ.

ವಸ್ಸಲಾಮ್,
ವಿದ್ಯಾರ್ಥಿವೇತನ ಸಮಿತಿಯ ಪರವಾಗಿ